ಒಂಬತ್ತನೇ ಪುಟ

ಹನ್ನೊಂದು ವರ್ಷದಿಂದ ನನಗೆ ಸಂಬಳ ಬರುತ್ತಿರುವುದು ಒಂದೇ ಕೆಲಸಕ್ಕೆ. ಮಾತು ತಡವಾದ, ಉಳಿದವರ ಹಾಗೆ ಕಲಿಯಲಾಗದ ಪುಟ್ಟ ಮಕ್ಕಳಿಗೆ ಶಾಲೆಯವರು ಬೇರೆಯದೇ ಕಲಿಕಾ ಯೋಜನೆ ಬರೆಯುತ್ತಾರೆ, ಹನ್ನೆರಡು ಪುಟ. ಅದನ್ನು ಅಪ್ಪ ಅಮ್ಮಂದಿರಿಗೆ ತಿಳಿಯುವಂತೆ ಹೇಳುವವಳು ನಾನು. ಬರೆದವರಿಗಾದರೂ ತಿಳಿದಿದೆಯೋ ಇಲ್ಲವೋ, ಆ ಮಾತು ಬೇರೆ. ಒಂಬತ್ತನೇ ಪುಟವನ್ನು ಮಾತ್ರ ನಾನು ಯಾರಿಗೂ ಓದಿ ಹೇಳುತ್ತಿರಲಿಲ್ಲ. ಗುರಿ ಮುಟ್ಟಿದ ಮೇಲೆ ನೆರವು ನಿಲ್ಲುತ್ತದೆ ಎಂದು ಅಲ್ಲಿ ಬರೆದಿದೆ. ಕಣ್ಣೊರೆಸಿಕೊಂಡು ಬಂದವರಿಗೆ ಮೊದಲ ದಿನವೇ ಅದೇಕೆ ಎಂದು ಹಾಳೆ ಮಗುಚಿಬಿಡುತ್ತಿದ್ದೆ. ದೊಡ್ಡ ಕರುಣಾಮಯಿ ನಾನು.

ಗುಬ್ಬಿಯ ಅಮ್ಮ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಗುಬ್ಬಿಗೆ ಐದು ವರ್ಷ, ಮಾತಿಲ್ಲ. ಗದ್ದಲವಾದರೆ ಸಾಕು, ಬಾಗಿಲು ಎಲ್ಲಿದೆಯೋ ಅಲ್ಲಿಗೆ ಓಟ. ಶಾಲೆಯ ಬಾಗಿಲ ಆಚೆಗೇ ಲಾರಿಗಳ ರಸ್ತೆ. ಒಮ್ಮೆ ಚಕ್ರಕ್ಕೆ ಗೇಣು ದೂರದಲ್ಲಿ ಸಿಕ್ಕಿದ್ದಳು. ಆಮೇಲೆ ಯೋಜನೆಯಲ್ಲಿ ಅವಳೊಬ್ಬಳಿಗೆಂದೇ ಒಬ್ಬ ಆಯಾ ಬಂದಳು, ದಿನವಿಡೀ ಕೈಹಿಡಿದುಕೊಂಡಿರಲು. ಆ ಆಯಾ ಇದ್ದುದರಿಂದಲೇ ಅಮ್ಮ ಜೀವ ಕೈಯಲ್ಲಿ ಹಿಡಿಯದೆ ಮೆಷಿನ್ ಮುಂದೆ ಕೂರುತ್ತಿದ್ದಳು.

ಪ್ರತಿ ತಾಯಿಗೂ ನಾನು ಒಂದು ನೋಟ್‌ಬುಕ್ ಕೊಡುತ್ತೇನೆ. ಅವಳಿಗೂ ಕೊಟ್ಟಿದ್ದೆ.

"ದಿನಕ್ಕೊಂದು ಸಾಲು ಬರೀಮ್ಮ. ಮಗು ಏನೇನು ಮಾಡಲ್ಲ ಅಂತ ಹೇಳೋಕೆ ಊರು ತುಂಬ ಜನ ಇದ್ದಾರೆ. ಅವಳು ಮಾಡಿದ್ದನ್ನ ನೀನು ಬರಿ."

ಬೇರೆಯವರು ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ಇವಳು ಬಿಡಲಿಲ್ಲ. ಗುಬ್ಬಿಯ ಅಂಗಿಗಳಿಗೆಲ್ಲ ದೊಡ್ಡ ದೊಡ್ಡ ಗುಂಡಿ ಹೊಲಿದು, ಏಳು ತಿಂಗಳು ಕಲಿಸಿದಳು. 'ಇವತ್ತು ಒಂದು ಗುಂಡಿ ಹಾಕಿಕೊಂಡಳು' ಎಂಬುದನ್ನು ಖುಷಿಗೆ ಎರಡು ಸಲ ಬರೆದಿದ್ದಳು.

ಯೋಜನೆಯ ಗುರಿಗಳನ್ನು ತಾಳೆ ನೋಡುವ ವರ್ಷದ ಕೊನೆಯ ಸಭೆಗೆ ಆ ನೋಟ್‌ಬುಕ್ಕನ್ನು ಎದೆಗವಚಿಕೊಂಡು ಬಂದಳು. ಮೇಜಿನಾಚೆ ಸಮಿತಿಯ ನಾಲ್ವರು. ಕೂರಲು ಹೇಳಿದರೂ ನಿಂತೇ ಓದಿದಳು. ಚಮಚ ಹಿಡೀತಾಳೆ, ಕೈ ತೊಳ್ಕೋತಾಳೆ, ಕರೆದ್ರೆ ತಿರುಗಿ ನೋಡ್ತಾಳೆ, ಐದೂ ಗುಂಡಿ ತಾನೇ ಹಾಕ್ಕೋತಾಳೆ.

"ಓಡಿಹೋಗೋದು?" ಎಂದರು ಸಮಿತಿಯ ಮುಖ್ಯಸ್ಥೆ.

"ಈ ವರ್ಷ ಒಂದ್ಸಲಾನೂ ಓಡಿಲ್ಲ ಮೇಡಂ."

ಆಯಾ ಹಿಡಿದುಕೊಂಡಿದ್ದಕ್ಕೆ ಓಡಿಲ್ಲ ಎಂದು ನಾನು ಬಾಯಿ ಹಾಕುವಷ್ಟರಲ್ಲಿ ಪೆನ್ನು 'ಗುರಿ ಮುಟ್ಟಿದೆ' ಎಂಬಲ್ಲಿ ಟಿಕ್ ಹಾಕಿ ಮುಂದಿನ ಸಾಲಿಗೆ ಹೋಗಿತ್ತು. "ತಾಯೀನೇ ಹೇಳ್ತಿದ್ದಾರಲ್ಲ" ಎಂದರು.

"ಚೆನ್ನಾಗಿ ಹೇಳಿದ್ನಾ ಅಕ್ಕ?" ಹೊರಗೆ ಬಂದೊಡನೆ ಅವಳು ಕೇಳಿದ್ದು ಅದು. ಬೆಂಚಿನ ಮೇಲೆ ಕೂರಿಸಿ ಒಂಬತ್ತನೇ ಪುಟ ಓದಿ ಹೇಳಿದೆ, ಒಂದು ವರ್ಷ ತಡವಾಗಿ.

"ಹಾಗಾದ್ರೆ ಆಯಾ?"

"ಮುಂದಿನ ತಿಂಗಳಿಂದ ಇರಲ್ಲ."

"ನೀವೇ ಅಲ್ವಾ, ಮಾಡಿದ್ದನ್ನ ಬರಿ ಅಂದಿದ್ದು." ದನಿಯಲ್ಲಿ ಸಿಟ್ಟಿರಲಿಲ್ಲ. ನಾಲ್ಕು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮೇಲ್ಮನವಿ ಬರೆದೆವು. ಮಗುವನ್ನು ನೋಡಲು ಒಬ್ಬ ಅಧಿಕಾರಿ ಬರುತ್ತಾರೆಂದು ಉತ್ತರ ಬಂತು. ಅವರು ಬರುವ ಹಿಂದಿನ ದಿನ ನಾನೇ ಅವಳಿಗೆ ಹೇಳಿದೆ, ಇದೇ ಬಾಯಿಂದ: "ನಾಳೆ ಗುಬ್ಬಿ ಏನೂ ಮಾಡದೇ ಇದ್ರೆ ಒಳ್ಳೇದು ಕಣಮ್ಮ."

ಮರುದಿನ ಅಧಿಕಾರಿ ಬಂದಾಗ ತರಗತಿಯಲ್ಲಿ ಬಣ್ಣದಾಟ ಮುಗಿದು ಮಕ್ಕಳು ಅಂಗಿ ಬದಲಿಸುತ್ತಿದ್ದರು. ಅಧಿಕಾರಿ ಇನ್ನೂ ಬಾಗಿಲ ಬಳಿ ಸಹಿ ಹಾಕುತ್ತಿದ್ದರು. ಗುಬ್ಬಿ ನಾಲಿಗೆಯ ತುದಿ ಹೊರಗಿಟ್ಟುಕೊಂಡು ಮೊದಲ ಗುಂಡಿ ಹಾಕಿ, ಅಂದು ರಜೆ ಹಾಕಿ ಬಂದಿದ್ದ ಅಮ್ಮನ ಕಡೆ ನೋಡಿದಳು. ಅಮ್ಮ ಬಂದು ಅದನ್ನು ಬಿಚ್ಚಿದಳು. ಗುಬ್ಬಿ ಮತ್ತೆ ಹಾಕಿದಳು. ಅಮ್ಮ ಮತ್ತೆ ಬಿಚ್ಚಿದಳು. ಮೂರನೇ ಸಲ ಎರಡೂ ಪುಟ್ಟ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, "ಬೇಡ ಚಿನ್ನ, ಬೇಡ" ಎಂದಳು. ಅಧಿಕಾರಿಗೆ ಕಾಣದಂತೆ ನಾನು ಅಡ್ಡ ನಿಂತೆ. ಅವರು ಒಳಗೆ ಬಂದು ಕೂತಾಗ ಗುಬ್ಬಿ ಕೈ ಇಳಿಬಿಟ್ಟು ನಿಂತಿದ್ದಳು, ಅಮ್ಮ ಒಂದೊಂದೇ ಗುಂಡಿ ಹಾಕುತ್ತಿದ್ದಳು. ಅವರು ಬರೆದುಕೊಂಡರು.

ಆಯಾ ಉಳಿದಳು. ಗೆದ್ದೆವು ಎನ್ನಬೇಕು.

ತಿಂಗಳ ಮೇಲೆ ಅಮ್ಮ ಮಗಳನ್ನೂ ನೋಟ್‌ಬುಕ್ಕನ್ನೂ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಒಂದು ದಿನವನ್ನೂ ತಪ್ಪಿಸಿರಲಿಲ್ಲ. ಪುಟದಿಂದ ಪುಟಕ್ಕೆ ಅದೇ ಸಾಲು: 'ಇವತ್ತೂ ಕೈ ಇಳಿಬಿಟ್ಟೇ ನಿಂತಳು.'

"ಈಗ ಹಾಕ್ಕೋಬಹುದು ಅಂತ ಎಷ್ಟು ಹೇಳಿದ್ರೂ ಮುಟ್ಟಲ್ಲ ಅಕ್ಕ. ನೀವು ತಿಳಿಸಿ ಹೇಳೋರಲ್ವಾ. ಒಂದ್ಸಲ ಅವಳಿಗೆ ಹೇಳಿ."

ನಾನು ಗುಬ್ಬಿಯ ಮುಂದೆ ಮಂಡಿಯೂರಿ ಕೂತೆ. ನನ್ನ ಸ್ವೆಟರಿನ ಗುಂಡಿ ಬಿಚ್ಚಿದೆ, ಹಾಕಿದೆ, ಅವಳ ಅಂಗಿಯ ಕಡೆ ಬೆರಳು ತೋರಿಸಿದೆ. ಅವಳು ಅಮ್ಮನ ಮುಖ ನೋಡಿದಳು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.