ಅಕ್ಷರದ ಅಂಚಿನ ಕೆಂಪು

ಕನ್ನಡಕಕ್ಕೆ ಸಾವಿರದ ಎಂಟುನೂರು, ಕಣ್ಣಿಗೆ ಬಿಡುವ ಹನಿಗೆ ಇನ್ನೂರ ಹತ್ತು, ಹೋಗಿಬರಲು ಬಸ್ಸಿಗೆ ನಲವತ್ತು, ಇಷ್ಟು ಸುರಿದ ಮೇಲೂ ಕಂಪ್ಯೂಟರ್ ಪರದೆಯಲ್ಲಿ ಅಕ್ಷರದ ಎಡಮಗ್ಗುಲಿಗೆ ಕೆಂಪು, ಬಲಮಗ್ಗುಲಿಗೆ ನೀಲಿ, ಯಾರೋ ಬಣ್ಣದ ಪೆನ್ಸಿಲ್ಲಿನಲ್ಲಿ ಸವರಿದಷ್ಟು ತೆಳು, ದಾಕ್ಷಾಯಣಿ ಕಣ್ಣು ಮುಚ್ಚಿ ತೆರೆದಳು, ಇದೆ, ಇನ್ನೂ ಇದೆ — ಅಮ್ಮನಿಗೂ ಹೀಗೇ ಶುರುವಾಗಿದ್ದು, ದೀಪದ ಸುತ್ತ ಬಣ್ಣದ ಬಳೆ ಕಾಣ್ತದೆ ಮೋಳೇ ಅಂತ ಮಗಳಿಗೆ ಹೇಳಿದ್ದಳು, ಮನೆಯವರೆಲ್ಲ ನಕ್ಕಿದ್ದರು, ಎರಡೇ ವರ್ಷ, ಆಮೇಲೆ ಅವಳ ತಟ್ಟೆಯ ಮತ್ತಿಮೀನಿನ ಮುಳ್ಳನ್ನು ಬೇರೆಯವರು ಆರಿಸಿ ಕೊಡಬೇಕಾಯಿತು. ಕಾಗದದ ಮೇಲೆ ಕೆಂಪಿಲ್ಲ ನಿಜ, ಆದರೆ ಅಮ್ಮನಿಗೂ ಮೊದಲು ಬೆಳಕಿನಲ್ಲಿ ಮಾತ್ರ ತಾನೆ ಕಂಡಿದ್ದು, ಪರದೆಯೂ ಬೆಳಕೇ. ಕಣ್ಣಿನ ಒತ್ತಡ ಅಳೆಸಿ ಅಂದಿದ್ದ ಕನ್ನಡಕದಂಗಡಿಯವನು, ಅದಕ್ಕೆ ದುಡ್ಡಿದೆ, ಧೈರ್ಯವಿಲ್ಲ. ಪಕ್ಕದ ಮೇಜಿನ ರಜುಲಳ ಪರದೆಯನ್ನು ಒಮ್ಮೆ ನೋಡಿದ್ದರೆ ಸಾಕಿತ್ತು, ಮೂರು ವಾರದಿಂದ ಅತ್ತ ಕತ್ತೇ ಹೊರಳಿಸಿಲ್ಲ, ಅಲ್ಲೂ ಕೆಂಪು ಕಂಡುಬಿಟ್ಟರೆ ಕಣ್ಣೇ ಅಂತ ಖಾತ್ರಿಯಾಗಿಬಿಡುತ್ತದಲ್ಲ?

ಹನ್ನೊಂದು ಗಂಟೆಗೆ ಮಾಷ್ ಬಂದು ಬೆನ್ನ ಹಿಂದೆ ನಿಂತರು, ವಡಗರದ ಈ ಪ್ರೆಸ್ಸಿಗೆ ಅವರೇ ಯಜಮಾನರು, ಕೇಳಿ ಕೇಳಿ ಕಡಲಿಗಿಳಿಯುವವರ ಮಾತಿನ ನಿಘಂಟಿನ ಹಸ್ತಪ್ರತಿ ತಂದಿದ್ದೂ ಅವರೇ, ತಪ್ಪಿಲ್ಲದೆ ಅಕ್ಷರ ಕೂಡಿಸೋಳು ನೀನೊಬ್ಬಳೇ, ನಿನ್ನಪ್ಪ ದೋಣಿಯಲ್ಲಿ ಆಡ್ತಿದ್ದ ಮಾತುಗಳೇ ಇವು, ನಾನೂರು ಪುಟ, ಅಂದರು — ಇನ್ನೂರನೆಯ ಪುಟದಲ್ಲಿ ಕಣ್ಣು ಹೋದರೆ, ನಡುವೆ ನಿಲ್ಲಿಸಿ ಎಲ್ಲರೆದುರು ಕೈ ಹಿಡಿಸಿಕೊಂಡು ಮನೆಗೆ ಹೋಗಬೇಕಾದರೆ, ಬಾಯಿ ತಾನಾಗಿ ಹೇಳಿತು, ನನ್ನಿಂದಾಗಲ್ಲ ಮಾಷೇ, ತಲಶ್ಶೇರಿ ಪ್ರೆಸ್ಸಿನವರಿಗೆ ಕೊಟ್ಬಿಡಿ. ಯಾಕೆ ದಾಕ್ಷಾಯಣಿ, ಸಂಬಳ ಕಮ್ಮಿಯಾಯ್ತಾ? ಇಲ್ಲ ಮಾಷೇ. ಹಾಗಾದ್ರೆ ಸೊಕ್ಕು ಜಾಸ್ತಿಯಾಗಿದೆ. ಸೊಕ್ಕು ಅಂದುಕೊಳ್ಳಲಿ, ಕುರುಡು ಅಂದುಕೊಳ್ಳುವುದಕ್ಕಿಂತ ಮೇಲು. ಹಸ್ತಪ್ರತಿಯ ಕಟ್ಟು ಕೆಂಪು ದಾರ ಸುತ್ತಿಸಿಕೊಂಡು ಹನ್ನೆರಡರ ಬಸ್ಸಿಗೆ ಹೊರಟಿತು, ಅವಳು ದಾರವನ್ನು ನೋಡಿದಳು, ಅದರ ಅಂಚಿನಲ್ಲಿ ನೀಲಿ ಇದೆಯೇ ಎಂದು.

ಊಟದ ಮೇಲೆ, ದಾಕ್ಷಾಯಣಿಯನ್ನು ಅಕ್ಕ ಅಂತಲೇ ಕರೆಯುವ ರಜುಲ, ಚೇಚೀ ಒಂದ್ನಿಮಿಷ, ನಿಮ್ಮದರಲ್ಲೊಂದು ಫೈಲು ಬೇಕು ಅಂತ ಅವಳ ಕುರ್ಚಿಯಲ್ಲಿ ಕೂತಳು, ಕೂತವಳು ಮುಖ ಹಿಂಡಿದಳು, ಅಯ್ಯೇ, ಇದೇನು ಚೇಚೀ, ಅಕ್ಷರಕ್ಕೆಲ್ಲ ಲಿಪ್‌ಸ್ಟಿಕ್ ಹಚ್ಚಿದ್ದೀರಾ? ಏನಂದೆ, ಅಂದಳು ದಾಕ್ಷಾಯಣಿ, ನಿನಗೂ ಕಾಣ್ತದಾ? ಕಾಣದೆ ಏನು, ನಾನೇನು ಕುರುಡಿಯಾ, ಅಡ್ಡ ಇದ್ದ ಪರದೆಯನ್ನ ಯಾರು ಎಬ್ಬಿಸಿ ಉದ್ದಕ್ಕೆ ನಿಲ್ಸಿದ್ದು? ನಾನೇ, ಪುಟ ಪೂರ್ತಿ ಕಾಣಲಿ ಅಂತ, ಮೂರು ವಾರ ಆಯ್ತು. ಅದೇ ಮತ್ತೆ, ಪರದೆಯ ಪ್ರತಿ ಚುಕ್ಕಿಯಲ್ಲೂ ಕೆಂಪು ಹಸಿರು ನೀಲಿ ಪಕ್ಕಪಕ್ಕ ಇರ್ತದೆ, ಅಕ್ಷರ ನುಣುಪಾಗಲಿ ಅಂತ ಕಂಪ್ಯೂಟರಿನ ಲಿನಕ್ಸು ಅವನ್ನ ಬೇರೆಬೇರೆ ಬಳಸ್ತದೆ, ನೀವು ಪರದೆ ತಿರುಗಿಸಿದ್ರಿ, ಈಗ ಅವು ಒಂದರ ಮೇಲೊಂದು, ಪಾಪ ಅದಕ್ಕೇನು ಗೊತ್ತು, ಇನ್ನೂ ಪಕ್ಕಪಕ್ಕಾನೇ ಅಂದ್ಕೊಂಡು ಬಣ್ಣ ಬಳೀತಾ ಇದೆ. ಫಾಂಟ್ ಸೆಟ್ಟಿಂಗ್ ತೆರೆದು, ಬಣ್ಣ ಬೇಡ, ಬರೀ ಬೂದು ಸಾಕು ಅಂತ ಒಂದು ಕಡೆ ಒತ್ತಿದಳು, ಒಂದೇ ಕಡೆ. ಒಂದು ಮಾತು ಕೇಳಬಾರದಾಗಿತ್ತಾ ಚೇಚೀ?

ಕೇಳಬಹುದಿತ್ತು, ಮೂರು ಹೆಜ್ಜೆ ಆಚೆಗಿದ್ದಳು, ಬಸ್ಸು ಈಗ ಮಾಹಿ ದಾಟಿ ತಲಶ್ಶೇರಿ ಸೇರಿರಬೇಕು, ಇನ್ನೊಬ್ಬರಿಗೆ ಒಪ್ಪಿಸಿದ ಹಸ್ತಪ್ರತಿಯನ್ನು ಮಾಷ್ ಇಷ್ಟು ವರ್ಷದಲ್ಲಿ ಒಮ್ಮೆಯೂ ವಾಪಸು ಕೇಳಿದವರಲ್ಲ, ಕೇಳುವವರೂ ಅಲ್ಲ, ಅಪ್ಪ ಗಾಳಿಗೆ, ಅಲೆಗೆ, ಬಲೆಯ ಹರಕಿಗೆ ಇಟ್ಟ ಹೆಸರುಗಳನ್ನು ಕಡಲು ಕಾಣದ ಯಾರೋ ಕೂಡಿಸುತ್ತಾರೆ — ಕಣ್ಣು ಉಳಿಯಿತು, ಪುಸ್ತಕ ಹೋಯಿತು, ಒಂದೇ ದಿನದಲ್ಲಿ ಎರಡೂ, ಅವಳು ಪರದೆಗೆ ಮೂಗು ತಾಗುವಷ್ಟು ಬಾಗಿದಳು, ಒಂದು ಅಕ್ಷರ, ಕಪ್ಪು, ಎಡಕ್ಕೂ ಕಪ್ಪು, ಬಲಕ್ಕೂ ಕಪ್ಪು, ಬರೀ ಕಪ್ಪು.