ಬಿಸಿಲಲ್ಲೂ ಚಳಿ ಎಂದವಳ ಕಂಬಳಿ

ನಾನು ಒಂದು ಕರಿ ಕಂಬಳಿ. ಚಳ್ಳಕೆರೆ ಸೀಮೆಯ ಕುರಿಗಳ ಮೈಮೇಲೆ ಉಣ್ಣೆಯಾಗಿ ಬೆಳೆದೆ. ಗುಳ್ಯಪ್ಪನೆಂಬ ಮುದುಕನ ಹೆಂಡತಿ ನನ್ನನ್ನು ನೂತು, ನೂಲಿಗೆ ಹುಣಸೆಬೀಜದ ಗಂಜಿ ಉಣಿಸಿದಳು. ಗುಳ್ಯಪ್ಪ ಮಗ್ಗದ ಮುಂದೆ ಕೂತು ನೇಯ್ದ. ಹೊಸದರಲ್ಲಿ ನಾನು ಎಷ್ಟು ಒರಟಾಗಿದ್ದೆನೆಂದರೆ, ಮುಟ್ಟಿದವರೆಲ್ಲ ಕೈ ಕೆರೆದುಕೊಳ್ಳುತ್ತಿದ್ದರು.

ಸಂತೆಯಲ್ಲಿ ನನ್ನನ್ನು ಕೊಂಡವಳು ಹನುಮಕ್ಕ. ಗಂಡ ತೀರಿಕೊಂಡಿದ್ದ. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಸನು ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದಳು. ದೊಡ್ಡವಳು ಬೋರಮ್ಮನ ಮದುವೆಗೆ ಹಸೆಗೆ ಹಾಸಲು ನಾನು ಬೇಕಾಗಿದ್ದೆ. ಅವತ್ತು ನನ್ನ ಮೇಲೆ ಕೂತ ಹುಡುಗಿ ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಪಕ್ಕದಲ್ಲಿದ್ದ ತಂಗಿ ಇಂದ್ರಮ್ಮನ ಕಿವಿಯಲ್ಲಿ ಏನೋ ಹೇಳುವುದು, ನಗುವುದು, ಅಮ್ಮ ಕಣ್ಣು ಬಿಟ್ಟರೆ ತಲೆ ತಗ್ಗಿಸುವುದು. ಮದುವೆ ಮುಗಿದ ಮೇಲೆ ಅವಳ ಜೊತೆ ನಾನೂ ಗಂಡನ ಮನೆಗೆ ಹೋದೆ.

ಮೂರು ವರ್ಷಕ್ಕೆ ಇಬ್ಬರೂ ವಾಪಸ್ ಬಂದೆವು.

ಆ ಮೂರು ವರ್ಷದಲ್ಲಿ ಬೋರಮ್ಮ ಎರಡು ಸಲ ಬಸುರಿಯಾದಳು, ಎರಡೂ ನಿಲ್ಲಲಿಲ್ಲ. ಆಮೇಲೆ ಮುಖ ಊದಿತು. ಚರ್ಮ ಒಣಗಿ ಬಿರಿಯಿತು. ಬಾಚಿದರೆ ಕೂದಲು ಗೊಂಚಲು ಗೊಂಚಲಾಗಿ ಬರುತ್ತಿತ್ತು. ಎಷ್ಟೋ ಎಳೆ ನನ್ನ ಉಣ್ಣೆಗೇ ಸಿಕ್ಕಿಕೊಂಡವು. ದನಿ ಗಂಡಸರ ದನಿಯಂತೆ ದಪ್ಪಗಾಯಿತು. ಊಟ ಕಡಿಮೆ ಮಾಡಿದರೂ ಮೈ ಬರುತ್ತಿತ್ತು. ಚೈತ್ರದ ಬಿಸಿಲಿಗೆ ತಗಡಿನ ಸೂರು ಕಾದು ಊರೆಲ್ಲ ಬೆವರುವಾಗ ಅವಳು ನನ್ನನ್ನು ಕತ್ತಿನವರೆಗೆ ಎಳೆದುಕೊಂಡು "ಚಳಿ" ಅನ್ನುತ್ತಿದ್ದಳು. "ಸೋಮಾರಿ ಹೆಣ್ಣು" ಅಂದರು ಅತ್ತೆ. "ಗಾಳಿ ಸೋಕಿದೆ" ಅಂದರು ನೆರೆಯವರು. ಗಂಡ ಬಸ್ಸು ಹತ್ತಿಸಿ ಕಳಿಸಿದ.

ಹನುಮಕ್ಕ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಹರಕೆ ಹೊತ್ತಳು, ತಾಯಿತ ಕಟ್ಟಿಸಿದಳು. ಯಾರೋ ಹೇಳಿದರೆಂದು ಪೂಜಾರಿಯ ಮುಂದೆ ಕೂರಿಸಿ ಬೇವಿನ ಕಡ್ಡಿಯಲ್ಲಿ ಹೊಡೆಸಿದಳು. ಬೋರಮ್ಮ ಅಳಲೂ ಇಲ್ಲ. ಅವಳಿಗೆ ಅಳುವುದಕ್ಕೂ ಹೊತ್ತು ಹಿಡಿಯುತ್ತಿತ್ತು.

ಮನೆಯ ಕೆಲಸವೆಲ್ಲ ಹದಿನೇಳರ ಇಂದ್ರಮ್ಮನ ತಲೆಮೇಲೆ ಬಿತ್ತು. ಒಂದು ದಿನ ನೀರಿನ ಕೊಡ ಕುಕ್ಕಿ ಇಳಿಸಿದವಳೇ ಸಿಡಿದಳು.

"ತಿನ್ನೋದು, ಮಲಗೋದು. ಎಮ್ಮೆ ಆದರೂ ಹಾಲು ಕೊಡುತ್ತೆ ಅಕ್ಕ!"

ಬೋರಮ್ಮ ಎದ್ದು ಕೂರಲು ನೋಡಿದಳು. ಮಾತುಗಳು ಒಂದೊಂದಾಗಿ ಬಂದವು. "ಮೈ ಏಳಲ್ಲ ಕಣೆ ಇಂದ್ರಿ. ಬೇಕಂತ ಮಾಡ್ತಿಲ್ಲ."

ಇಂದ್ರಮ್ಮ ಕೇಳಿಸಿಕೊಳ್ಳದೆ ಹೊರಗೆ ಹೋದಳು. ಕೇಳಿಸಿಕೊಂಡವನು ನಾನೊಬ್ಬನೇ.

ಆ ವರ್ಷ ಪುಷ್ಯದಲ್ಲಿ ಚಳಿ ಜೋರಿತ್ತು. ಬೋರಮ್ಮನಿಗೆ ಎರಡು ದಿನ ಕೆಮ್ಮು ಬಂತು, ಆಮೇಲೆ ಬರೀ ಮಂಪರು. ಅಮ್ಮ ನನ್ನನ್ನು ಎರಡು ಮಡಿಕೆ ಮಾಡಿ ಹೊದಿಸಿದಳು. ನನ್ನೊಳಗೆ ಬಿಸಿ ಎಂಬುದು ಇಲ್ಲ. ಹೊದ್ದವರ ಮೈಯ ಬಿಸಿಯನ್ನು ಹೊರಗೆ ಬಿಡದೆ ಹಿಡಿದಿಡುವುದಷ್ಟೇ ನನ್ನ ಕೆಲಸ. ಆ ಮೈಯಲ್ಲಿ ಹಿಡಿದಿಡಲು ಏನೂ ಉಳಿದಿರಲಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದ ಹನುಮಕ್ಕ ನನ್ನನ್ನು ಸರಿಸಿ, ಮಗಳ ಕೆನ್ನೆ ಮುಟ್ಟಿ, ಅಲ್ಲೇ ಕುಸಿದಳು.

ಬೋರಮ್ಮನಿಗೆ ಇಪ್ಪತ್ನಾಲ್ಕು. ನನ್ನನ್ನು ಒಗೆದು, ಬೇವಿನೆಲೆ ಹಾಕಿ, ಟ್ರಂಕಿನಲ್ಲಿ ಇಟ್ಟರು.

ಟ್ರಂಕು ಮತ್ತೆ ತೆರೆದದ್ದು ಹನ್ನೊಂದು ವರ್ಷದ ಮೇಲೆ. ತವರಿಗೆ ಬಂದು ತೆರೆದವಳು ಇಂದ್ರಮ್ಮ. ಅದೇ ಊರಿನಲ್ಲಿ ಹಿಟ್ಟಿನ ಗಿರಣಿಯ ತಿಪ್ಪೇರುದ್ರನನ್ನು ಮದುವೆಯಾಗಿ, ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಎರಡನೇ ಮಗುವಿಗೆ ವರ್ಷ ತುಂಬಿತ್ತು. "ಯಾಕೋ ಚಳಿ ಅಮ್ಮ" ಅಂದಳು. ಆ ದನಿ ಕೇಳಿ ನನಗೆ ಗಾಬರಿಯಾಯಿತು. ಬೋರಮ್ಮನದೇ ದನಿ.

ಇಂದ್ರಮ್ಮ ನನ್ನನ್ನು ತನ್ನ ಮನೆಗೆ ಒಯ್ದಳು. ಅಲ್ಲಿ ಒಲೆ ಮುಂದೆ ಕೂತಲ್ಲೇ ತೂಕಡಿಸಿ ಅನ್ನ ಸೀದುಹೋಯಿತು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದಳು. ಕೈ ಊದಿ ಬಳೆ ಇಳಿಯದೆ ಒಡೆಯಬೇಕಾಯಿತು. ಒಂದು ಬೆಳಿಗ್ಗೆ ತಲೆ ಬಾಚುತ್ತಾ ಕನ್ನಡಿ ನೋಡಿದವಳು ಬಾಚಣಿಗೆ ಬಿಟ್ಟಳು. ಕನ್ನಡಿಯಲ್ಲಿ ಅಕ್ಕನ ಮುಖವಿತ್ತು. ಬಾಗಿಲಲ್ಲಿ ಆಡುತ್ತಿದ್ದ ಮಕ್ಕಳನ್ನು ಕರೆದು ತಬ್ಬಿಕೊಂಡು ಬಹಳ ಹೊತ್ತು ಕೂತಳು. ತಾನೂ ಸಾಯುತ್ತೇನೆಂದೇ ಅವಳು ತಿಳಿದಳು.

ಮಗುವಿಗೆ ಚುಚ್ಚುಮದ್ದು ಹಾಕಲು ಬಂದ ನರ್ಸಮ್ಮ ಅವಳನ್ನು ನೋಡಿ ಬಿಡಲಿಲ್ಲ, ಆಸ್ಪತ್ರೆಗೆ ಎಳೆದುಕೊಂಡು ಹೋದಳು. ನಾನೂ ಹೆಗಲ ಮೇಲೆ ಹೋದೆ.

"ಈ ಬಿಸಿಲಲ್ಲಿ ಕಂಬಳಿ ಯಾಕಮ್ಮ?" ಅಂದರು ಡಾಕ್ಟರಮ್ಮ. ಅದೇ ಮಾತನ್ನು ಎಷ್ಟೋ ಜನ ಬೈಗುಳವಾಗಿ ಆಡಿದ್ದರು. ಉತ್ತರ ಬೇಕೆಂದು ಕೇಳಿದವರು ಇವರೇ ಮೊದಲು.

ರಕ್ತ ಪರೀಕ್ಷೆಯ ಚೀಟಿ ಬಂದ ದಿನ ತಿಪ್ಪೇರುದ್ರನೂ ಬಂದಿದ್ದ, ಮೈಮೇಲೆಲ್ಲ ರಾಗಿಹಿಟ್ಟು. ಡಾಕ್ಟರಮ್ಮ ತಮ್ಮ ಗಂಟಲು ಮುಟ್ಟಿ ತೋರಿಸಿದರು. "ಇಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ. ಅದರ ರಸ ಕಡಿಮೆಯಾದರೆ ಮೈಯಲ್ಲಿ ಎಲ್ಲಾನೂ ನಿಧಾನ. ಎದೆ ಬಡಿತ, ಜೀರ್ಣ, ಮಾತು, ಯೋಚನೆ, ಎಲ್ಲಾ. ಇದು ಸೋಮಾರಿತನ ಅಲ್ಲ, ಗಾಳಿಯೂ ಅಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ, ಬರೀ ನೀರಲ್ಲಿ. ಟೀ, ತಿಂಡಿ ಒಂದು ಗಂಟೆ ಬಿಟ್ಟು. ಒಂದೂವರೆ ತಿಂಗಳಿಗೆ ಮತ್ತೆ ಪರೀಕ್ಷೆ. ಹುಷಾರಾಯ್ತು ಅಂತ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬಾರದು."

"ಅಷ್ಟೇನಾ?" ಅಂದ ತಿಪ್ಪೇರುದ್ರ.

"ಅಷ್ಟೇ. ಮನೇಲಿ ಬೇರೆ ಯಾರಿಗಾದರೂ ಇತ್ತಾ?"

ಇಂದ್ರಮ್ಮ ನನ್ನ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. "ಒಬ್ಬಳು ಅಕ್ಕ ಇದ್ದಳು" ಅಂದಳು. ಡಾಕ್ಟರಮ್ಮ ಚೀಟಿಯಲ್ಲಿ ಅದನ್ನೂ ಬರೆದುಕೊಂಡರು.

ಒಂದೇ ವಾರಕ್ಕೆ ಗುಣವಾಗಲಿಲ್ಲ. ತಿಂಗಳೆರಡು ತಿಂಗಳಿಗೆ ದನಿ ತಿಳಿಯಾಯಿತು, ಮುಖ ಇಳಿಯಿತು. ನನ್ನನ್ನು ಮಡಚಿಟ್ಟು ಶಾಲೆಗೆ ಹೋದಳು. ನಡುವೆ ಒಮ್ಮೆ ಚೆನ್ನಾಗಿದ್ದೇನೆಂದು ಗುಳಿಗೆ ಬಿಟ್ಟು, ಮತ್ತೆ ನನ್ನಡಿಗೆ ಬಂದು ಮಲಗಿದಳು. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಈಗ ಲೋಟದಲ್ಲಿ ನೀರು ತಂದುಕೊಡುವವನು ತಿಪ್ಪೇರುದ್ರನೇ. ಆದರೆ ಅಮ್ಮನಿಗೆ ಮಾತ್ರ ಅವಳು "ಯಾವುದೋ ಟಾನಿಕ್ಕು" ಎಂದಿದ್ದಳು. ನಿಜ ಹೇಳಿದರೆ ಆ ಮುದಿಜೀವ ತಡೆದೀತೇ ಎಂಬ ಭಯ.

ನನ್ನನ್ನು ವಾಪಸ್ ಕೊಡಲು ಬಂದ ದಿನ ಹನುಮಕ್ಕನೇ ಕೇಳಿದಳು. "ನಿನಗೂ ಅವಳ ಥರಾನೇ ಆಗಿತ್ತಲ್ಲ. ನೀನು ಹೆಂಗೆ ಎದ್ದೆ?"

ಇಂದ್ರಮ್ಮ ಸುಳ್ಳು ಹೇಳಲು ಬಾಯಿ ತೆರೆದಳು, ಆಗಲಿಲ್ಲ. ಎಲ್ಲ ಹೇಳಿದಳು. ಕೊನೆಗೆ, "ನಾನು ಅವಳನ್ನ ಎಮ್ಮೆ ಅಂದಿದ್ದೆ ಅಮ್ಮ" ಎಂದು ನನ್ನ ಮೇಲೆ ಮುಖವಿಟ್ಟು ಅತ್ತಳು.

ಹನುಮಕ್ಕ ಅಳಲಿಲ್ಲ. "ಬೋರಿ ದಿನಾ ಹೇಳಿದಳು, ಚಳಿ ಚಳಿ ಅಂತ. ನಾನು ಹೊಡೆಸಿದೆ" ಅಂದಳು. ಕೈ ಚಾಚಿದಳು. "ಆ ಗುಳಿಗೆ ಇದೆಯಾ? ಒಂದು ತೋರಿಸು."

ಇಂದ್ರಮ್ಮ ಚೀಲದಿಂದ ಒಂದು ಗುಳಿಗೆ ಬಿಡಿಸಿ ಅಂಗೈಗೆ ಹಾಕಿದಳು. ಜೋಳದ ಕಾಳಿನಷ್ಟು, ಬೆಳ್ಳಗೆ. ಹನುಮಕ್ಕ ಅದನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

"ಇಷ್ಟೇ ಇಷ್ಟು" ಅಂದಳು. ಆಮೇಲೆ ಅದನ್ನು ಮಗಳ ಕೈಗೆ ಹಾಕಿ, ಬೆರಳುಗಳನ್ನು ತಾನೇ ಮಡಚಿದಳು. "ಇಟ್ಕೋ. ನಿನಗೆ ಒಂದು ಕಮ್ಮಿಯಾದೀತು."

ಈಗ ನನಗೆ ವಯಸ್ಸಾಗಿದೆ. ನುಸಿ ಹಿಡಿದು ಅಲ್ಲಲ್ಲಿ ತೂತು ಬಿದ್ದಿದೆ. ಹನುಮಕ್ಕನ ಮಂಚದ ಕಾಲ ಬಳಿ ಬಿದ್ದಿದ್ದೇನೆ. ಅವಳು ನನ್ನನ್ನು ಹೊದೆಯುವುದಿಲ್ಲ, ಬೇರೆಯವರಿಗೆ ಕೊಡುವುದೂ ಇಲ್ಲ. ಓಣಿಯಲ್ಲಿ ಯಾವ ಹೆಣ್ಣುಮಗಳಾದರೂ "ಯಾಕೋ ಸುಸ್ತು, ಯಾಕೋ ಚಳಿ" ಅಂದರೆ ಸಾಕು, ಅವಳು ಕೋಲೂರಿಕೊಂಡು ಎದ್ದು ಹೋಗುತ್ತಾಳೆ. ಆ ಹುಡುಗಿಯ ಕೈ ಹಿಡಿದು, "ಚಳಿ ಅಂದೆಯಲ್ಲ, ಯಾವಾಗಿಂದ ಮಗಳೇ?" ಎಂದು ಕೇಳುತ್ತಾಳೆ. ಉತ್ತರ ಎಷ್ಟು ನಿಧಾನವಾಗಿ ಬಂದರೂ ಪೂರ್ತಿ ಮುಗಿಯುವವರೆಗೆ ಕಾಯುತ್ತಾಳೆ.