ಎಂಟು ಗಂಟೆಗೆ ಅಪ್ಪ ಯಾಕೆ ನಿಂತುಹೋಗುತ್ತಾನೆ?

"ಸಾಕು ಮಾಡು ಇಂದ್ರೇಶ್, ನಿನ್ನ ನಾಟಕ! ಬಾಯಿ ಬಿಟ್ಕೊಂಡು ಬೊಂಬೆ ಥರ ಕೂತ್ರೆ ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಮಾಧುರಿ ಕೂಗಾಡುತ್ತಿದ್ದದ್ದು ಟ್ಯಾಬ್ಲೆಟ್ ಮುಂದೆ. ಅದರೊಳಗೆ ಅವಳ ಗಂಡ ಒಂದು ಕೈ ಎತ್ತಿ, ಬಾಯಿ ತೆರೆದು ಕಲ್ಲಾಗಿದ್ದ. ಅವನಿಗೆ ಕೆಲಸ ಸಿಡ್ನಿಯಲ್ಲಿ, ವಾಸ ಅಲ್ಲೇ ಪ್ಯಾರಮಟ್ಟಾದ ಒಂದು ಬಾಡಿಗೆ ಕೋಣೆಯಲ್ಲಿ. ಅವಳು ಮತ್ತು ಆರು ವರ್ಷದ ಮಗಳು ಪ್ರಣತಿ ಇರುವುದು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ. ದಿನಾ ರಾತ್ರಿ ಎಂಟಕ್ಕೆ ಅವನು ವಿಡಿಯೋದಲ್ಲಿ ಮಗಳಿಗೆ ಕಥೆ ಹೇಳುತ್ತಿದ್ದ. ದಿನಾ ನಡುವೆಯೇ ನಿಂತುಬಿಡುತ್ತಿದ್ದ. ಅಂದಿನ ಕಥೆಯಲ್ಲಿ ಒಂದು ಆನೆ ಮೋಡದ ಮೇಲೆ ಹತ್ತಿತ್ತು. ಇಳಿಯಲೇ ಇಲ್ಲ.

"...ಹಲೋ? ಕೇಳಿಸ್ತಾ?"

"ಈಗ ಕೇಳಿಸ್ತಾ ಅಂತೆ! ಮೆಲ್ಬರ್ನಿಗೆ ಯಾವಾಗ ಬರ್ತೀಯ ಅಂದ ತಕ್ಷಣ ಫ್ರೀಜ್ ಆಗ್ತೀಯಲ್ಲ, ಅದು ಹೇಗೆ?"

"ನಾನು ಮಾತಾಡ್ತಾನೇ ಇದ್ದೆ ಕಣೇ. ಅಲ್ಲಿ ಮನೆಗೆ ಫೈಬರ್ ನೆಟ್ ಹಾಕ್ಸಿದೀನಿ, ಎಲ್ಲಕ್ಕಿಂತ ದೊಡ್ಡ ಪ್ಲಾನ್ ತಗೊಂಡಿದೀನಿ. ನೀನೇ ಏನೋ ಒತ್ತಿ..."

ಮತ್ತೆ ಕಲ್ಲಾದ.

ಪ್ರಣತಿ ದಿಂಬಿನಿಂದ ತಲೆ ಎತ್ತಿದಳು. "ಇಟ್ಸ್ ಓಕೆ ಅಮ್ಮಾ. ಅಪ್ಪ ನೆವರ್ ಫಿನಿಷಸ್." ಅಳಲಿಲ್ಲ, ಹಟ ಮಾಡಲಿಲ್ಲ. ನಾಳೆಯಿಂದ ಕಥೆ ಬೇಡ, ಕಾರ್ಟೂನ್ ಸಾಕು ಎಂದಳು.

ಮಾಧುರಿ ಟ್ಯಾಬ್ಲೆಟ್ ಮಗುಚಿಟ್ಟಳು. ಮಗಳಿಗೆ ಅಪ್ಪ ಸಿಗುತ್ತಿದ್ದುದು ಆ ಒಂದು ಹೊತ್ತಿನಲ್ಲಿ. ಅದೂ ಹೋದರೆ ಅವನು ಆಗೊಮ್ಮೆ ಈಗೊಮ್ಮೆ ಬಂದುಹೋಗುವ ಅತಿಥಿ, ಅಷ್ಟೆ.

ಮರುದಿನ ಸಂಜೆ ಅವಳು ಎದುರು ಮನೆಯ ಹೇಮಲತಾ ಆಂಟಿಯ ಹತ್ತಿರ ಗೋಳು ತೋಡಿಕೊಂಡಳು. ಆಂಟಿ ನೆಟ್‌ವರ್ಕ್ ಎಂಜಿನಿಯರ್. ಕನ್ನಡ ಸಂಘದ ಊಟಗಳ ಉಸ್ತುವಾರಿಯೂ ಅವರದೇ.

"ಬೇಕಂತಲೇ ಮಾಡ್ತಾನೆ ಆಂಟಿ."

"ಅಷ್ಟು ಹೊತ್ತು ಬಾಯಿ ಮುಚ್ಕೊಂಡು ಕೂರೋ ಗಂಡಸಾ ಅವನು? ಬಾ ಹೊರಗೆ, ಏನೋ ತೋರಿಸ್ತೀನಿ."

ಕತ್ತಲು ಆಗತಾನೇ ಇಳಿಯುತ್ತಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಂದು ಕಿಟಕಿಯಲ್ಲಿ ನೀಲಿ ಬೆಳಕು ಮಿಣುಕಿತು. ಅದರ ಪಕ್ಕದಲ್ಲಿ ಇನ್ನೊಂದು. ಆಚೆ ಬದಿಯಲ್ಲಿ ಮತ್ತೊಂದು. ನೋಡುತ್ತಿದ್ದಂತೆ ಇಡೀ ಬೀದಿ ನೀರಿನಡಿ ಮುಳುಗಿದ ಹಾಗೆ ನೀಲಿಯಾಗಿ ಅಲುಗತೊಡಗಿತು. ಮನೆಮನೆಯೂ ಕಣ್ಣು ತೆರೆದೇ ಕನಸು ಕಾಣುತ್ತಿದೆ, ಎಚ್ಚರವಿರುವವರು ತಾವಿಬ್ಬರೇ ಎಂದು ಮಾಧುರಿಗೆ ಅನಿಸಿತು.

"ನೋಡ್ದ್ಯಾ? ಮನೆಮನೇಲೂ ನೆಟ್‌ನಲ್ಲಿ ಸಿನಿಮಾ ಶುರು. ಇವರೆಲ್ಲ ನಿನ್ನ ಗಂಡನ ಜೊತೆ ಕ್ಯೂನಲ್ಲಿ ನಿಂತಿದಾರೆ," ಎಂದರು ಆಂಟಿ.

"ನಮ್ಮದು ಫೈಬರ್ ಅಲ್ವಾ? ನಮ್ಮನೆಗೇ ಅಂತ ಬೇರೆ ತಂತಿ ಬಂದಿದೆ."

"ಮನೆ ಹತ್ರ ಬೇರೆ. ಮುಂದೆ ಹೋಗಿ ಎಲ್ಲರದೂ ಒಂದೇ ದಾರಿಗೆ ಸೇರತ್ತೆ. ಆ ದಾರೀಲಿ ಎಷ್ಟು ಜಾಗ ಕೊಳ್ಳಬೇಕು ಅನ್ನೋದು ನಿನ್ನ ಇಂಟರ್ನೆಟ್ ಕಂಪನಿಯವನ ಲೆಕ್ಕ. ಅವನು ಜಿಪುಣ ಆದ್ರೆ ಸಂಜೆ ಏಳರಿಂದ ರಾತ್ರಿ ಹನ್ನೊಂದರವರೆಗೆ ನಿನಗೆ ತೊಂದರೆ. ಯುಗಾದಿ ಊಟ ನೆನಪಿದ್ಯಾ? ಬೇಗ ಬಂದೋರಿಗೆ ಕೂತ ತಕ್ಷಣ ಒಬ್ಬಟ್ಟು. ಆಮೇಲೆ ಎಲ್ರೂ ಒಟ್ಟಿಗೆ ನುಗ್ಗಿದ್ರು. ಒಬ್ಬಟ್ಟು ಬೇಕಾದಷ್ಟಿತ್ತು, ಬಡಿಸೋಕೆ ಇದ್ದೋರು ಇಬ್ರೇ."

"ಆದ್ರೆ ನಮ್ಮದು ದೊಡ್ಡ ಪ್ಲಾನ್ ಆಂಟಿ."

"ದೊಡ್ಡ ಎಲೆ ಹಾಸ್ಕೊಂಡು ಕೂತ್ರೆ ಬಡಿಸೋರು ಜಾಸ್ತಿ ಆಗ್ತಾರೇನೇ?"

ಮಾಧುರಿಗೆ ನಗು ಬಂತು. ಆದರೂ ನಂಬಿಕೆ ಬರಲಿಲ್ಲ.

"ನನ್ನ ಮಾತು ನಂಬಬೇಡ, ಅಳೆದು ನೋಡು," ಎಂದು ಆಂಟಿ ಮಾಧುರಿಯ ಮನೆಯೊಳಗೆ ಬಂದು ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ರೂಟರಿಗೆ ಸಿಕ್ಕಿಸಿದರು. "ಈಗೊಂದು ಸಲ, ಬೆಳಗ್ಗೆ ಒಂದು ಸಲ ಸ್ಪೀಡ್ ಟೆಸ್ಟ್ ಮಾಡು. ಕೇಬಲ್ ಹಾಕಿದ್ರೂ ಸಂಜೆ ಮಾತ್ರ ಬಿದ್ರೆ, ಅದು ಹೊರಗಿನ ಗುಂಪು. ಕೇಬಲ್ಲಲ್ಲಿ ಚೆನ್ನಾಗಿದ್ದು ವೈಫೈ ಮಾತ್ರ ಕೆಟ್ಟಿದ್ರೆ, ತಪ್ಪು ಮನೆಯೊಳಗೇ ಇದೆ. ರೂಟರನ್ನ ಕಪಾಟಿಂದ ಈಚೆಗೆ ತೆಗೆದಿಡು."

ಆ ಸಂಜೆ ವೇಗ ನೆಲ ಕಚ್ಚಿತ್ತು. ಬೆಳಗ್ಗೆ ಅದೇ ಕೇಬಲ್ಲಿನಲ್ಲಿ ಪೂರ್ತಿ ಬಂತು. ಮಾಧುರಿ ಆಗಲೇ ಗಂಡನಿಗೆ ವಿಡಿಯೋ ಕರೆ ಮಾಡಿ ಎಲ್ಲ ವಿವರಿಸಿದಳು.

"ನಾನು ಐಟಿಯವನು, ನಂಗೇ ಹೇಳ್ಕೊಡ್ತೀಯಾ?" ಎಂದ ಇಂದ್ರೇಶ್.

"ಐಟಿಯವನೇ, ಪ್ಲಾನ್ ತಗೊಳ್ಳುವಾಗ ಸಂಜೆ ಸ್ಪೀಡ್ ಎಷ್ಟು ಸಿಗತ್ತೆ ಅಂತ ಓದಿದ್ಯಾ?"

"ಇಲ್ಲ," ಎಂದು ಅವನು ತಲೆ ಕೆರೆದುಕೊಂಡ. ಚಿತ್ರ ನಿಂತಿರಲಿಲ್ಲ. ಕಣ್ಣು ಪಿಳಿಪಿಳಿ ಅನ್ನುತ್ತಿತ್ತು.

"ಇನ್ನೊಂದು. ನೀನು ಯಾವಾಗ ಬರ್ತೀಯ?"

"ಕಾಂಟ್ರಾಕ್ಟ್ ಮುಗಿಯೋವರೆಗೂ ಬರಕ್ಕಾಗಲ್ಲ ಮಾಧುರಿ. ದಿನಾ ಅದನ್ನೇ ಹೇಳ್ತಿದ್ದೆ."

ಬೇಸರದ ಉತ್ತರವೇ. ಆದರೆ ತುಂಡಾಗದೆ ಬಂತು. ತಾನು ನಾಟಕ ಅಂದದ್ದಕ್ಕೆ ಅವಳು ಸಾರಿ ಹೇಳಿದಳು.

ಇಂದ್ರೇಶ್ ಕಂಪನಿಗೆ ದೂರು ಕೊಟ್ಟ. ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಹಳೇ ಪಾಠವನ್ನೇ ಅವರು ಒಪ್ಪಿಸಿದರು. ಅವನು ಕಂಪನಿಗಳ ಸಂಜೆಯ ವೇಗ ಹೋಲಿಸಿ ನೋಡಿ ಮನೆಗೆ ಬೇರೆ ಕಂಪನಿಯ ಸಣ್ಣ ಪ್ಲಾನ್ ಹಿಡಿದ. ಫೋನಿನ ಫೋಟೋಗಳೆಲ್ಲ ಸಂಜೆ ತಾವಾಗಿ ಕ್ಲೌಡಿಗೆ ಅಪ್‌ಲೋಡ್ ಆಗುತ್ತಿದ್ದುದನ್ನು ಮಾಧುರಿ ನಡುರಾತ್ರಿಗೆ ಬದಲಾಯಿಸಿದಳು.

ಹೊಸ ಕನೆಕ್ಷನ್ ಬಂದ ದಿನ ಪ್ರಣತಿ ಒಲ್ಲದ ಮನಸ್ಸಿನಿಂದ ಕೂತಳು. "ಓನ್ಲಿ ಟೂ ಮಿನಿಟ್ಸ್." ಇಂದ್ರೇಶ್ ಒಂದು ಮೀನಿನ ಕಥೆ ಶುರು ಮಾಡಿದ. ಮೀನು ನಿದ್ದೆಯಲ್ಲಿ ಈಜುತ್ತಾ ಸಮುದ್ರ ದಾಟಿತು, ದಡ ಗೊತ್ತಾಗದೆ ಹಾಗೇ ಆಕಾಶಕ್ಕೆ ಸರಿಯಿತು. ಅಲ್ಲಿ ನಕ್ಷತ್ರಗಳು ಹಾದಿ ಬಿಟ್ಟುಕೊಟ್ಟವು.

"ಆಮೇಲೆ?" ಎಂದಳು ಮಗಳು. ಕನ್ನಡದಲ್ಲಿ.

ಆಮೇಲೆ ಮೀನಿಗೆ ಮನೆ ಸಿಕ್ಕಿತು. ಕಥೆ ಮುಗಿಯಿತು. ಪ್ರಣತಿ ಆಕಳಿಸಿ, ಹೊದಿಕೆ ಎಳೆದುಕೊಂಡು ಪರದೆಯಿಂದ ಆಚೆ ನಡೆದಳು.

"ನೀರು ಕುಡಿಯೋಕೆ ಹೋದ್ಲಾ?" ಇಂದ್ರೇಶ್ ಕಾದ. ಅವಳು ವಾಪಸ್ ಬರಲಿಲ್ಲ. ಅಮ್ಮನ ಹಾಸಿಗೆಯಲ್ಲಿ ನಿದ್ದೆ ಹೋಗಿದ್ದಳು.

ಓದುವವರೇ, ನಿಮಗೂ ನೇರವಾಗಿ ಹೇಳುತ್ತೇನೆ. ಸಂಜೆ ನೆಟ್ ನಿಂತರೆ ರೂಟರಿಗೆ ಗುದ್ದಬೇಡಿ, ಕಣ್ಣು ಮುಚ್ಚಿ ದೊಡ್ಡ ಪ್ಲಾನ್ ಕೊಳ್ಳಬೇಡಿ. ಕೇಬಲ್ ಹಾಕಿ ಬೆಳಗ್ಗೆ, ಸಂಜೆ ಅಳೆಯಿರಿ. ಸಂಜೆಯ ವೇಗ ಎಷ್ಟು ಎಂದು ಕೇಳಿ. ಕಂಪನಿ ದಾರಿಗೆ ಬಾರದಿದ್ದರೆ ಗ್ರಾಹಕರ ಅಹವಾಲು ಕೇಳುವ ಟೆಲಿಕಾಂ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಇಲ್ಲವೇ ಕಂಪನಿ ಬದಲಿಸಿ. ಸಿಟ್ಟು ಬಂದರೆ ಬರಲಿ. ಅದನ್ನು ಮನೆಯವರ ಮೇಲೆ ತೀರಿಸಬೇಡಿ, ಅಳೆದ ಅಂಕಿ ಕೈಯಲ್ಲಿ ಹಿಡಿದು ಕಂಪನಿಯವರ ಮೇಲೆ ತೀರಿಸಿ.